ಘಾಟಿನ ಕೆಳಗೆ ಎರಡು ದಿನ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ನಮ್ಮ ಇತಿಹಾಸದ ಗುರುಗಳು ಅದನ್ನು ತುಸು ತಿದ್ದಿ, ‘ಮೊದಲು ಕೋಶ ಓದಿರಿ, ಆಮೇಲೆ ದೇಶ ಸುತ್ತಿರಿ, ತಿರುಗಿ ಬಂದು ಮತ್ತೊಮ್ಮೆ ಕೋಶ ಓದಿರಿ’ ಎನ್ನುತ್ತಾರೆ. ಕಳೆದ ಫೆಬ್ರುವರಿಯಲ್ಲಿ ನಮ್ಮ ಕಾಲೇಜಿನ ಇತಿಹಾಸ ವಿಭಾಗದಿಂದ ಗೋವೆಗೆ ಎರಡು ದಿನಗಳ ಪ್ರವಾಸ ಹೋದಾಗ ನಾನು ಈ ಮೂರರಲ್ಲಿ ನಡುವಿನದನ್ನಷ್ಟೇ ಮಾಡಿದೆನು. ಉಳಿದೆರಡನ್ನು ಈಗ ಮಾಡಿ ಮುಗಿಸಿದ್ದೇನೆ. ಅದರೊಡನೆ, ಅಲ್ಲಿ ನಾನು ಆಡಿದ ಒಂದು ಸುಳ್ಳನ್ನೂ ಈ ಪುಟಗಳಲ್ಲಿ ತಿದ್ದಬೇಕಾಗಿದೆ. ಆ ಸುಳ್ಳನ್ನು ಕೇಳಿದವರೇ ಈ ಸಂಚಿಕೆಯನ್ನು ಓದುವವರು. ಆದ್ದರಿಂದ ತಿದ್ದುವದಕ್ಕೆ ಇದಕ್ಕಿಂತ ತಕ್ಕ ಸ್ಥಳ ನನಗೆ ತೋಚಲಿಲ್ಲ.

ನಮ್ಮ ಗೋಕಾಕ ಸೀಮೆಯವರಿಗೆ ಗೋವೆ ಹೊಸದಲ್ಲ. ಉಳ್ಳವರು ಅಲ್ಲಿಗೆ ಮೋಜಿಗೆ ಹೋಗುತ್ತಾರೆ, ಇಲ್ಲದವರು ದುಡಿಮೆಗೆ ಹೋಗುತ್ತಾರೆ. ಹೋಗಿ ಬಂದ ಮೇಲೆ ಮೊದಲನೆಯವರು ಚಿತ್ರಗಳನ್ನು ತೋರಿಸುತ್ತಾರೆ. ಎರಡನೆಯವರು ಏನನ್ನೂ ತೋರಿಸುವದಿಲ್ಲ. ನಮ್ಮ ಮನೆಯಲ್ಲಿ ಗೋವೆ ಎಂದರೆ ಕಾಕಾ, ನನ್ನ ತಂದೆಯ ತಮ್ಮ. ನಾನು ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಾಗ ಮಳೆ ಕೈಕೊಟ್ಟ ಒಂದು ವರ್ಷ ಆತ ಊರಿನ ನಾಲ್ಕೈದು ಜನರೊಡನೆ ಘಾಟು ಇಳಿದು ಹೋದನು. ಮೊದಲು ಇಟ್ಟಂಗಿ ಹೊತ್ತನು, ಆಮೇಲೆ ಕರಣಿ ಹಿಡಿಯಲು ಕಲಿತನು, ಈಗ ಒಳ್ಳೆಯ ಗೌಂಡಿ. ಇಷ್ಟು ವರ್ಷಗಳಲ್ಲಿ ಊರಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಆದರೆ ನನ್ನ ಕಾಲೇಜಿನ ಫೀಯಿನ ಹಣ ಮಾತ್ರ ಒಂದು ವರ್ಷವೂ ತಡವಾಗಿ ಬಂದಿಲ್ಲ.

ಪ್ರವಾಸದ ಸುದ್ದಿ ತಿಳಿದದ್ದೇ ತಡ, ನಮ್ಮ ಆಯಿ ಎರಡು ದಿನ ಮುಂಚೆಯೇ ಗಂಟು ಕಟ್ಟತೊಡಗಿದಳು. ಕಟಕ ರೊಟ್ಟಿ, ಸಂಕೇಶ್ವರದ ಮೆಣಸಿನಕಾಯಿ ಕುಟ್ಟಿ ಮಾಡಿದ ಶೇಂಗಾ ಹಿಂಡಿ, ಪೇಟೆಯಿಂದ ತರಿಸಿದ ಒಂದು ಡಬ್ಬಿ ಕರದಂಟು. ಆಯಿಯ ತವರು ಸಂಕೇಶ್ವರದ ಹತ್ತಿರ, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಹಳ್ಳಿ. ೧೯೬೧ರ ಡಿಸೆಂಬರದಲ್ಲಿ ಹನ್ನೆರಡು ವರ್ಷದ ಹುಡುಗಿಯಾಗಿದ್ದ ಆಕೆ, ರಾತ್ರಿಯೆಲ್ಲ ದೀಪ ಮಂಕು ಮಾಡಿಕೊಂಡು ಬೆಳಗಾವಿಯ ಕಡೆಗೆ ಹೋಗುತ್ತಿದ್ದ ಮಿಲಿಟರಿ ಲಾರಿಗಳನ್ನು ಬಾಗಿಲ ಸಂದಿಯಿಂದ ನೋಡಿದ್ದಳಂತೆ. ‘ಗೋವಾ ಬಿಡಿಸಾಕ ಹೊಂಟಾರ’ ಎಂದು ದೊಡ್ಡವರು ಹೇಳಿದರಂತೆ. ‘ಅವರು ಬಿಡಿಸಿದ ಗೋವಾ ನನ್ನ ಮಗನ್ನ ಹಿಡಕೊಂಡು ಕುಂತೈತಿ ನೋಡು’ ಎಂದು ಆಯಿ ನಗುವಂತೆ ಹೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಕಾನಿಗೆ ಫೋನು ಮಾಡಿ, ಮೊದಲ ದಿನ ಹನ್ನೊಂದು ಗಂಟೆಗೆ ಹಳೆಯ ಗೋವೆಯ ದೊಡ್ಡ ಇಗರ್ಜಿಯ ಮುಂದೆ ಭೆಟ್ಟಿಯಾಗುವದೆಂದು ಗೊತ್ತುಮಾಡಿಕೊಂಡೆನು.

ನಡುರಾತ್ರಿಗೆ ಗೋಕಾಕ ಬಿಟ್ಟು, ಬೆಳಗಾವಿ, ಜಾಂಬೋಟಿ ದಾಟಿ, ಬೆಳಗಿನ ಜಾವಕ್ಕೆ ಕಣಕುಂಬಿಗೆ ಬಂದೆವು. ಚಹಾಕ್ಕೆಂದು ಬಸ್ಸು ನಿಂತಾಗ ಗುರುಗಳು ನಮ್ಮನ್ನೆಲ್ಲ ಕೆಳಗಿಳಿಸಿ ಮಂಜಿನಲ್ಲಿ ನಿಲ್ಲಿಸಿ ಒಂದು ಪಾಠ ಮಾಡಿಯೇಬಿಟ್ಟರು. ಮಲಪ್ರಭೆ ಹುಟ್ಟುವದು ಇಲ್ಲಿಯೇ. ಅದು ಮೂಡಣಕ್ಕೆ ಹರಿದು, ಸವದತ್ತಿಯನ್ನೂ ಪಟ್ಟದಕಲ್ಲನ್ನೂ ಕಂಡು, ಕೃಷ್ಣೆಯನ್ನು ಕೂಡಿ ಬಂಗಾಲದ ಸಮುದ್ರಕ್ಕೆ ಹೋಗುತ್ತದೆ. ಇದೇ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿಯಾದರೋ ಪಡುವಣಕ್ಕೆ ಧುಮುಕಿ ಗೋವೆಯಲ್ಲಿ ಮಾಂಡೋವಿ ಎಂಬ ಹೆಸರು ತಾಳಿ ಪಣಜಿಯ ಹತ್ತಿರ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನೀರಿನ ಪಾಲಿಗಾಗಿ ಎರಡೂ ರಾಜ್ಯಗಳು ನ್ಯಾಯಮಂಡಳಿಯ ಮುಂದೆ ನಿಂತದ್ದೂ ೨೦೧೮ರಲ್ಲಿ ಅದರ ತೀರ್ಪು ಬಂದದ್ದೂ ನಮಗೆಲ್ಲ ಗೊತ್ತಿದ್ದ ಸಂಗತಿ. ‘ಒಂದೇ ಗುಡ್ಡದ ಮೇಲೆ ಬಿದ್ದ ಎರಡು ಹನಿ. ಒಂದು ಮೂಡಲಿಗೆ ಜಾರಿತು, ಒಂದು ಪಡುವಲಿಗೆ ಜಾರಿತು. ಅವು ಅಣ್ಣತಮ್ಮಂದಿರೆಂದು ಯಾರು ನೆನಸುತ್ತಾರೆ?’ ಎಂದು ಗುರುಗಳು ನಕ್ಕರು. ಆಗ ನಾನೂ ಎಲ್ಲರೊಡನೆ ನಕ್ಕೆನು.

ಚೋರ್ಲಾ ಘಾಟನ್ನು ಇಳಿಯುತ್ತಿದ್ದಂತೆ ಕಿವಿ ಮುಚ್ಚಿದವು, ಗಾಳಿ ಬದಲಾಯಿತು, ಹೊದ್ದ ಶಾಲುಗಳು ಒಂದೊಂದಾಗಿ ಕಳಚಿದವು. ಜೋಳದ ನಾಡಿನಿಂದ ಬಂದವರಿಗೆ ತೆಂಗು, ಅಡಿಕೆ, ಗೇರುಮರಗಳ ಹಸುರು ಕಣ್ಣಿಗೆ ಹಬ್ಬ. ಎದುರಿಗೆ ಬಂದ ಸರಕಾರಿ ಬಸ್ಸಿನ ಮೇಲೆ ‘ಕದಂಬ’ ಎಂದು ಬರೆದಿದ್ದುದನ್ನು ಕಂಡು ಮಿತ್ರನೊಬ್ಬನು, ‘ನಮ್ಮ ಮಯೂರವರ್ಮ ಇಲ್ಲಿ ಬಸ್ಸು ಓಡಿಸುತ್ತಾನೇನು?’ ಎಂದು ಕೂಗಿದನು. ಗುರುಗಳು ಬಿಡುವರೆ? ಗೋವೆಯ ಕದಂಬರು ಬನವಾಸಿಯ ಕದಂಬರ ಹೆಸರು ಹೇಳಿಕೊಂಡು ಬಂದ ಮನೆತನದವರು. ಚಂದ್ರಪುರದಿಂದಲೂ ಆಮೇಲೆ ಗೋಪಕಪಟ್ಟಣದಿಂದಲೂ ಆಳಿದರು. ನಮ್ಮ ಜಿಲ್ಲೆಯ ಹಲಸಿಯೂ ಅವರದೇ ಆಗಿತ್ತು. ಕಿತ್ತೂರಿನ ಹತ್ತಿರದ ದೇಗಾವಿಯ ಕಮಲನಾರಾಯಣ ಗುಡಿಯನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದವಳು ಆ ಮನೆತನದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಪೋರ್ತುಗೀಜರು ಬರುವದಕ್ಕಿಂತ ಶತಮಾನಗಳ ಮುಂಚೆ ಈ ಘಾಟಿನ ಮೇಲೂ ಕೆಳಗೂ ಒಂದೇ ಆಳಿಕೆ ಇತ್ತೆಂಬ ಮಾತು ನನಗೆ ಹೊಸದಾಗಿತ್ತು.

ಪಣಜಿಯಲ್ಲಿ ಹೊಳೆಯ ದಂಡೆಯ ಮೇಲೆ ಮೊದಲು ಕಂಡದ್ದು ಒಂದು ಅರಮನೆ. ಹೆಸರು ಆದಿಲಶಾಹನ ಅರಮನೆ. ಬಿಜಾಪುರದ ಸುಲ್ತಾನರು ಕಟ್ಟಿದ್ದು. ಆಮೇಲೆ ಪೋರ್ತುಗೀಜ ವೈಸರಾಯರ ನಿವಾಸವಾಯಿತು, ಮುಂದೆ ಸಚಿವಾಲಯವಾಯಿತು. ಅದರ ಮಗ್ಗುಲಿಗೆ ಒಬ್ಬ ಹೆಂಗಸಿನ ಮೇಲೆ ಕೈಚಾಚಿ ನಿಂತ ಪಾದ್ರಿಯೊಬ್ಬನ ಮೂರ್ತಿ. ಆತ ಗೋವೆಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಸಮ್ಮೋಹನ ವಿದ್ಯೆಗೆ ಹೆಸರಾದ ಅಬ್ಬೆ ಫರಿಯಾ. ಅಲ್ಲಿಂದ ಫೋಂತೈನ್ಯಾಸ್ ಎಂಬ ಹಳೆಯ ಕೇರಿಗೆ ನಡೆದೆವು. ಹಳದಿ, ನೀಲಿ, ಕೆಂಪು ಬಣ್ಣದ ಗೋಡೆಗಳು, ಹೆಂಚಿನ ಮಾಡು, ಬೀದಿಗೆ ಚಾಚಿದ ಸಣ್ಣ ಉಪ್ಪರಿಗೆಗಳು. ಬೀದಿಯೋ, ಎರಡು ಎತ್ತಿನಬಂಡಿ ಎದುರುಬದುರು ಬಂದರೆ ಒಂದು ಹಿಂದೆ ಸರಿಯಬೇಕು! ಮನೆಯ ಮುಂದೆ ನಿಂತು ಚಿತ್ರ ತೆಗೆಯುವವರ ಕಾಟಕ್ಕೆ ಬೇಸತ್ತು ಕೆಲವು ಮನೆಯವರು ‘ಇಲ್ಲಿ ಗದ್ದಲ ಮಾಡಬೇಡಿರಿ’ ಎಂದು ಫಲಕ ತೂಗಹಾಕಿದ್ದರು. ನಾವು ಗದ್ದಲ ಮಾಡದೆ ಚಿತ್ರ ತೆಗೆದೆವು.

ಬಸ್ಸಿನಲ್ಲಿ ಗುರುಗಳು ಒಂದು ಆಟ ಹೂಡಿದರು. ‘ನಿಮ್ಮ ಮನೆಯಲ್ಲಿರುವ ಪೋರ್ತುಗೀಜ ಸಾಮಾನುಗಳ ಹೆಸರು ಹೇಳಿರಿ’ ಎಂದರು. ನಾವು ಸುಮ್ಮನಾದೆವು. ಆಗ ಅವರೇ ಎಣಿಸತೊಡಗಿದರು. ಅಡುಗೆಮನೆಯ ಬಟಾಟಿ ಅವರ ಮಾತು. ಬಾಗಿಲಿನ ಚಾವಿ ಅವರ ಮಾತು. ನಿಪ್ಪಾಣಿಯ ತಂಬಾಕು, ಸಂತೆಯ ಅನಾನಸು ಅವರವು. ಮೆಣಸಿನಕಾಯಿ ಇಲ್ಲದೆ ನಮಗೆ ಊಟ ಇಳಿಯದು. ಆದರೆ ಅದು ಅಮೇರಿಕಾ ಖಂಡದ ಗಿಡ, ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಅದಕ್ಕೆ ಮುಂಚೆ ನಮ್ಮ ಹಿರಿಯರು ಕರಿಮೆಣಸು ತಿಂದೇ ಕಣ್ಣೀರು ತಂದುಕೊಳ್ಳುತ್ತಿದ್ದರು. ಗೋಕಾಕದ ಕರದಂಟಿನ ಗೋಡಂಬಿಯೂ ಬ್ರಾಜಿಲಿನಿಂದ ಅವರೇ ತಂದು ಈ ಕರಾವಳಿಯಲ್ಲಿ ನೆಟ್ಟ ಮರದ್ದು. ‘ಕೊನೆಯದಾಗಿ, ನಿಮ್ಮ ಮನೆಗೆ ತಿಂಗಳಿಗೊಮ್ಮೆ ಬರುವದು ಯಾವುದು?’ ಎಂದು ಕೇಳಿದರು. ‘ಪಗಾರ!’ ಎಂದು ಯಾರೋ ಕೂಗಿದರು. ‘ಹೌದು. ಪಗಾರ್ ಎಂದರೆ ಅವರ ಭಾಷೆಯಲ್ಲಿ ಹಣ ಸಲ್ಲಿಸುವದು.’ ನನ್ನ ತೊಡೆಯ ಮೇಲಿದ್ದ ಆಯಿಯ ಗಂಟನ್ನು ನೋಡಿಕೊಂಡೆನು. ಹಿಂಡಿಯ ಮೆಣಸಿನಕಾಯಿ, ಕರದಂಟಿನ ಗೋಡಂಬಿ, ಎರಡೂ ಶತಮಾನಗಳ ತರುವಾಯ ಬಂದ ದಾರಿ ಹಿಡಿದು ತಿರುಗಿ ಹೊರಟಿದ್ದವು.

ಹಳೆಯ ಗೋವೆ ಪಣಜಿಯಿಂದ ಹತ್ತು ಕಿಲೋಮೀಟರಿನ ಸುಮಾರು. ಇಂದು ಅಲ್ಲಿ ಊರಿಗಿಂತ ಇಗರ್ಜಿಗಳೇ ಹೆಚ್ಚು. ೧೫೧೦ರಲ್ಲಿ ಆಲ್ಬುಕರ್ಕನು ಇದನ್ನು ಬಿಜಾಪುರದವರಿಂದ ಗೆದ್ದುಕೊಂಡನು. ಗೆಲ್ಲುವಂತೆ ಅವನನ್ನು ಹುರಿದುಂಬಿಸಿದವನು ನಮ್ಮ ಹೊನ್ನಾವರದ ತಿಮ್ಮೋಜನೆಂಬ ಹಡಗಿನ ದಳವಾಯಿ. ಮೇ ತಿಂಗಳಲ್ಲಿ ಕೈಬಿಟ್ಟುಹೋದ ಊರು ನವೆಂಬರ ೨೫ಕ್ಕೆ ಮತ್ತೆ ಕೈಸೇರಿತು. ಅತ್ತ ಹಂಪೆಯಲ್ಲಿ ಕೃಷ್ಣದೇವರಾಯನು ಪಟ್ಟಕ್ಕೆ ಬಂದು ಆಗ ಒಂದು ವರ್ಷ. ಅವನ ದಂಡಿಗೆ ಬೇಕಾದ ಕುದುರೆಗಳು ಈ ಬಂದರದಿಂದಲೇ ಘಾಟು ಹತ್ತಬೇಕಾಗಿತ್ತು. ‘ಗೋವೆಯನ್ನು ಕಂಡವನು ಲಿಸ್ಬನ್ನು ಕಾಣಬೇಕಾಗಿಲ್ಲ’ ಎಂಬ ಗಾದೆ ಹುಟ್ಟುವಷ್ಟು ಈ ನಗರ ಮೆರೆಯಿತು. ಭಾರತದ ಮೊದಲ ಮುದ್ರಣಯಂತ್ರ ೧೫೫೬ರಲ್ಲಿ ಬಂದಿಳಿದದ್ದು ಇಲ್ಲಿಯೇ. ಈ ವಾರ್ಷಿಕ ಸಂಚಿಕೆಯಲ್ಲಿ ತಮ್ಮ ಹೆಸರು ಅಚ್ಚಾಗುವದೇ ಎಂದು ಕಾಯುವ ಮಿತ್ರರು ಆ ಇಸವಿಯನ್ನು ನೆನಪಿಡಲಿ. ಅದೇ ನಗರದಲ್ಲಿ ೧೫೬೦ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವೂ ಕುಳಿತಿತು. ಅದು ಕೊನೆಯದಾಗಿ ಎದ್ದದ್ದು ೧೮೧೨ರಲ್ಲಿ. ಆ ಕಾಲದಲ್ಲಿ ಎಷ್ಟೋ ದೇವರುಗಳು ಹೊಳೆ ದಾಟಿದವು, ಎಷ್ಟೋ ಮನೆತನಗಳು ನಮ್ಮ ಕನ್ನಡ ಕರಾವಳಿಗೆ ಇಳಿದವು. ಕೊನೆಗೆ ರೋಗರುಜಿನಗಳು ನಗರವನ್ನು ತಿಂದವು. ವೈಸರಾಯರು ೧೭೫೯ರಲ್ಲಿ ಪಣಜಿಗೆ ಹೋದರು, ೧೮೪೩ರಲ್ಲಿ ಪಣಜಿಯೇ ರಾಜಧಾನಿಯಾಯಿತು. ಉಳಿದ ಇಗರ್ಜಿಗಳೂ ಮಠಗಳೂ ೧೯೮೬ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಮೊದಲು ಸೇ ಕ್ಯಾಥೆಡ್ರಲನ್ನು ಕಂಡೆವು. ೧೭೭೬ರಲ್ಲಿ ಒಂದು ಗೋಪುರ ಬಿದ್ದುಹೋಗಿ, ಇದ್ದೊಂದೇ ಗೋಪುರದಿಂದ ನಿಂತಿದೆ. ಸಂತ ಆಗಸ್ತೀನರ ಇಗರ್ಜಿಯದಂತೂ ಸುಮಾರು ೪೬ ಮೀಟರಿನ ಗೋಪುರದ ಒಂದು ಸೀಳು ಮಾತ್ರ ಆಕಾಶಕ್ಕೆ ನಿಂತಿದೆ. ಅದರ ಗಂಟೆ ಈಗ ಪಣಜಿಯ ಇಗರ್ಜಿಯಲ್ಲಿ ಬಾರಿಸುತ್ತದೆ. ೫೨ ಮೀಟರಿನ ನಮ್ಮ ಗೋಕಾಕ ಜಲಪಾತವನ್ನು ಮೇಲಿನಿಂದ ಇಣಿಕಿ ನೋಡಿದ ನಮಗೆ ಹೆಚ್ಚುಕಡಿಮೆ ಅಷ್ಟೇ ಎತ್ತರವನ್ನು ಕೆಳಗಿನಿಂದ ನೋಡುವದು ಬೇರೆಯೇ ಆಗಿತ್ತು, ಕುತ್ತಿಗೆ ನೋಯಿತು.

ಹನ್ನೊಂದು ಗಂಟೆಗೆ ಬೋಮ್ ಜೇಸುಸ್ ಇಗರ್ಜಿಯ ಮುಂದೆ ಬಂದೆವು. ೧೫೯೪ರಲ್ಲಿ ಕಟ್ಟತೊಡಗಿ ೧೬೦೫ರಲ್ಲಿ ಪ್ರತಿಷ್ಠೆಯಾದದ್ದು. ಚೀನದ ಹತ್ತಿರದ ದ್ವೀಪವೊಂದರಲ್ಲಿ ೧೫೫೨ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಜೇವಿಯರರ ದೇಹ ಇಲ್ಲಿ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ಜನರ ದರ್ಶನಕ್ಕಿಡುತ್ತಾರೆ. ೨೦೨೪ರ ನವೆಂಬರದಲ್ಲಿ ಆರಂಭವಾದ ದರ್ಶನ ೨೦೨೫ರ ಜನವರಿ ೫ಕ್ಕೆ ಮುಗಿಯಿತು.

ಕಾಕಾ ನಮಗಿಂತ ಮುಂಚೆಯೇ ಬಂದು ಮರದ ನೆರಳಿನಲ್ಲಿ ನಿಂತಿದ್ದನು. ಕೆಲಸದ ಮೇಲಿನಿಂದ ನೆಟ್ಟಗೆ ಬಂದಿದ್ದನೆಂದು ಕಾಣುತ್ತದೆ. ಪ್ಯಾಂಟಿನ ಮೇಲೆ ಸಿಮೆಂಟಿನ ಕಲೆ, ಕಾಲಲ್ಲಿ ಸವೆದ ಚಪ್ಪಲಿ, ಕೂದಲಿಗೆ ಹತ್ತಿದ ಧೂಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನನ್ನನ್ನು ಕಂಡೊಡನೆ ಮುಖ ಅರಳಿಸಿ, ‘ಬಾರೋ ತಮ್ಮಾ, ಎಷ್ಟು ಎತ್ತರ ಬೆಳದೀಯೋ!’ ಎಂದು ಹೆಗಲ ಮೇಲೆ ಕೈಯಿಟ್ಟನು. ನನ್ನ ಬಿಳಿಯ ಅಂಗಿಯ ಮೇಲೆ ಸುಣ್ಣದ ಬೆರಳು ಮೂಡಿತು.

ಹಿಂದೆ ಮಿತ್ರರು ನಿಂತಿದ್ದರು. ಅವರಲ್ಲಿ ಕೆಲವರ ತಂದೆ ಶಿಕ್ಷಕರು, ಕೆಲವರದು ಪೇಟೆಯಲ್ಲಿ ಅಂಗಡಿ. ನನ್ನ ಮನೆಯ ಸ್ಥಿತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ; ಕೇಳಿದರೆ ‘ಹೊಲಮನೆ ಇದೆ’ ಎಂದು ಬಿಡುತ್ತಿದ್ದೆನು. ‘ಯಾರೋ ಇವರು?’ ಎಂದು ಒಬ್ಬನು ಕೇಳಿದನು. ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು: ‘ನಮ್ಮೂರವರು. ಇಲ್ಲಿ ಕೆಲಸಕ್ಕ ಇರ್ತಾರ.’

ಹೆಗಲ ಮೇಲಿನ ಕೈ ಸರಿಯಿತು. ಕಾಕಾ ನನ್ನ ಮುಖವನ್ನು ಒಂದು ಕ್ಷಣ ನೋಡಿದನು. ಆಮೇಲೆ ಮಿತ್ರರ ಕಡೆ ತಿರುಗಿ, ‘ಹೌದ್ರಿ, ಊರಾಗಿನ ಪರಿಚಯ. ಸಾಲಿ ಹುಡುಗರು ಬಂದಾರಂತ ಮಾತಾಡ್ಸಾಕ ಬಂದ್ಯಾ’ ಎಂದನು. ನನಗೆ ಹೇಳಿದನು, ‘ನೀವು ನಡೀರಿ, ನಿಮ್ಮ ಮಾಸ್ತರು ಕರ್ಯಾಕತ್ತಾರ.’

ನೀವು! ಎತ್ತಿ ಆಡಿಸಿದ ಕಾಕಾ ನನಗೆ ಬಹುವಚನ ಹಚ್ಚಿದನು. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನಾನು ಆಡಿದ ಸುಳ್ಳು ಬೀಳದಂತೆ ಆತ ಅದಕ್ಕೊಂದು ಆಸರೆ ಕೊಟ್ಟನು, ಅಷ್ಟೇ. ಗೋಡೆ ಬೀಳದಂತೆ ಊರೆಗೋಲು ಕೊಡುವದು ಗೌಂಡಿಯ ಕೆಲಸವಲ್ಲವೆ?

ಅಷ್ಟರಲ್ಲಿ ಗುರುಗಳು ಇಗರ್ಜಿಯ ಗೋಡೆಯನ್ನು ತೋರಿಸಿ, ‘ಉಳಿದ ಇಗರ್ಜಿಗಳೆಲ್ಲ ಬೆಳ್ಳಗಿವೆ, ಇದೊಂದೇ ಕೆಂಪಗೆ ಏಕಿದೆ?’ ಎಂದು ಕೇಳುತ್ತಿದ್ದರು. ಒಬ್ಬರು ಬಣ್ಣವೆಂದರು, ಒಬ್ಬರು ಇಟ್ಟಂಗಿಯೆಂದರು. ಹಿಂದೆ ನಿಂತಿದ್ದ ಕಾಕಾ ಸಂಕೋಚದಿಂದಲೇ, ‘ಗಿಲಾವ ತಗದಾರ್ರಿ ಸರ. ಒಳಗಿನ ಕೆಂಪಗಲ್ಲು ಕಾಣಾಕತ್ತೈತಿ’ ಎಂದನು. ಗುರುಗಳು ತಿರುಗಿ ನೋಡಿದರು. ‘ಸರಿಯಾಗಿ ಹೇಳಿದಿರಿ. ೧೯೫೦ರ ದಶಕದಲ್ಲಿ, ಇನ್ನೂ ಪೋರ್ತುಗೀಜರ ಆಳಿಕೆಯಿದ್ದಾಗ, ಹಳೆಯದಾಗಿ ಕಾಣಲಿ ಎಂದು ಇದರ ಸುಣ್ಣದ ಗಿಲಾವನ್ನು ಕೆತ್ತಿಸಿ ತೆಗೆದರು. ಅದರಿಂದ ಏನಾಯಿತು, ಹೇಳುವಿರಾ?’

ಕಾಕಾನಿಗೆ ಧೈರ್ಯ ಬಂದಿತು. ‘ಈ ಕಲ್ಲು ಕಣಿಯೊಳಗ ಮೆತ್ತಗಿರತೈತ್ರಿ, ಕೊಡ್ಲಿಲೇ ಕಡೀಬಹುದು. ಗಾಳಿ ಬಡದ ಮ್ಯಾಲೆ ಗಟ್ಟಿ ಆಗತೈತಿ. ಆದ್ರ ತೂತು ಭಾಳ. ಇಲ್ಲಿ ಮಳಿ ಅಂದ್ರ ನಮ್ಮ ಕಡೀ ಮಳಿ ಅಲ್ರಿ, ನಾಕು ತಿಂಗಳು ಒಂದಽ ಸವನ ಹೊಡೀತೈತಿ. ಗಿಲಾವ ಇಲ್ಲಂದ್ರ ನೀರು ಕುಡದು ಕುಡದು ಉದುರತೈತಿ. ಹಂಗಂತ ಸಿಮೆಂಟ ಹಚ್ಚಿದ್ರ ಒಳಗಿನ ನೀರು ಹೊರಗ ಬರೂದಿಲ್ಲ, ಕಲ್ಲು ಒಳಗಽ ಕೊಳೀತೈತಿ. ಸುಣ್ಣನಽ ಬೇಕ್ರಿ. ಹಳೇ ಮನೀ ದುರಸ್ತಿಗೆ ಹ್ವಾದಾಗ ಒಬ್ಬ ಮುದುಕ ಗೌಂಡಿ ಕಲಿಸ್ದಾ. ಸುಣ್ಣ ನೆನಿಹಾಕಿ, ಉಸುಕು ಕಲಿಸಿ, ಬೆಲ್ಲದ ನೀರು ಹಾಕಿ ಅರೀತಾರ. ಅವಸರ ಮಾಡಿದ್ರ ಅದು ಕೂಡೂದಿಲ್ಲ.’

ಗುರುಗಳ ಕಣ್ಣು ಹೊಳೆದವು. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಬುಕಾನನ್ನನೆಂದೂ, ಲ್ಯಾಟಿನಿನಲ್ಲಿ ಇಟ್ಟಂಗಿಗೆ ಇರುವ ಹೆಸರಿನಿಂದ ಅದನ್ನು ಮಾಡಿದನೆಂದೂ, ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವದೆಂದು ಅವನು ಬರೆದದ್ದನ್ನೇ ಈಗ ಕೇಳಿದಿರೆಂದೂ ಹೇಳಿದರು. ಮತ್ತೆ ಗಿಲಾವು ಮಾಡಬೇಕೆಂದು ಸಂರಕ್ಷಣೆಯ ತಜ್ಞರು ವಾದಿಸುವರೆಂದೂ, ಕೆಂಪು ರೂಪಕ್ಕೆ ಒಗ್ಗಿದ ಜನರಿಗೆ ಅದು ರುಚಿಸದೆಂದೂ ತಿಳಿಸಿದರು. ‘ಇವರು ಹೇಳಿದ್ದನ್ನು ಎಲ್ಲರೂ ಬರೆದುಕೊಳ್ಳಿರಿ’ ಎಂದರು. ನಲವತ್ತು ಟಿಪ್ಪಣಿ ಪುಸ್ತಕಗಳು ತೆರೆದವು. ಗುರುಗಳು ನನ್ನ ಕಡೆ ತಿರುಗಿ, ‘ನಿಮ್ಮ ಊರವರೇನಯ್ಯಾ?’ ಎಂದು ಕೇಳಿದರು. ದೇವರು ಎರಡನೆಯ ಅವಕಾಶವನ್ನು ಕೈಯಲ್ಲಿಯೇ ಇಟ್ಟಿದ್ದನು. ‘ಹೌದ್ರಿ ಸರ’ ಎಂದಷ್ಟೇ ಹೇಳಿ ನಾನೂ ಪುಸ್ತಕ ತೆರೆದು ಬರೆದುಕೊಂಡೆನು.

ಹೊರಡುವಾಗ ಯಾರೂ ನೋಡದ ಹೊತ್ತಿನಲ್ಲಿ ಆಯಿಯ ಗಂಟನ್ನು ಕೊಟ್ಟೆನು. ಕಾಕಾ ಗಂಟನ್ನು ಮೂಸಿ ನೋಡಿ, ‘ಹಿಂಡಿ ಐತಿ’ ಎಂದು ಮಗುವಿನಂತೆ ನಕ್ಕನು. ತನ್ನ ಕೈಯ ಚೀಲವನ್ನು ನನಗೆ ಕೊಟ್ಟು, ‘ಗೋಡಂಬಿ ಅದಾವು, ಮನಿಯಾಗ ಕೊಡ್ರಿ’ ಎಂದನು. ಇನ್ನೂ ಬಹುವಚನವೇ. ‘ಅರ್ಧಾ ದಿನದ ಪಗಾರ ಹೋಗತೈತಿ, ನಾ ಬರ್ತೀನಿ’ ಎಂದು ರಸ್ತೆ ದಾಟಿ ಹೋದನು. ಒಂದು ಕದಂಬ ಬಸ್ಸು ಬಂದು ಆತನನ್ನು ಹತ್ತಿಸಿಕೊಂಡಿತು.

ಅದರ ತರುವಾಯ ನಾನು ನೋಡಿದ್ದೆಲ್ಲ ಅರೆಗಣ್ಣಿನಿಂದ ನೋಡಿದಂತಾಯಿತು. ಸಂಜೆ ಅಗ್ವಾದ ಕೋಟೆಗೆ ಹೋದೆವು. ೧೬೧೨ರಲ್ಲಿ ಕಟ್ಟಿದ್ದು. ಅಗ್ವಾ ಎಂದರೆ ನೀರು; ಒಳಗಿನ ಸಿಹಿನೀರಿನ ಒರತೆಯಿಂದ ಹಡಗುಗಳು ನೀರು ತುಂಬಿಕೊಳ್ಳುತ್ತಿದ್ದವು. ಕೆಳಗಿನ ಸೆರೆಮನೆಯಲ್ಲಿ ಗೋವೆಯ ಬಿಡುಗಡೆಗಾಗಿ ಹೋರಾಡಿದವರನ್ನು ಇಡುತ್ತಿದ್ದರು. ಈಗ ಅದು ಸಂಗ್ರಹಾಲಯ. ೧೯೪೬ರ ಜೂನ ೧೮ರಂದು ಲೋಹಿಯಾ ಅವರು ಮಡಗಾವಿಯಲ್ಲಿ ಕಾನೂನು ಮುರಿದು ಮಾತಾಡಿದ್ದು, ೧೯೫೫ರ ಆಗಸ್ಟ ೧೫ರಂದು ಬರಿಗೈಯಿಂದ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದದ್ದು, ೧೯೬೧ರ ಡಿಸೆಂಬರ ೧೯ರಂದು ೪೫೧ ವರ್ಷಗಳ ಆಳಿಕೆ ಮುಗಿದದ್ದು, ಎಲ್ಲವನ್ನೂ ಗುರುಗಳು ಹೇಳಿದರು. ಕೋಟೆಯ ಮೇಲಿನಿಂದ ನನ್ನ ಜೀವನದಲ್ಲಿ ಮೊದಲ ಸಲ ಸಮುದ್ರವನ್ನು ಕಂಡೆನು. ಮಿತ್ರರು ಕೇಕೆ ಹಾಕಿದರು. ಈ ತೀರಗಳನ್ನು ನೋಡಲು ಜಗತ್ತೇ ಬರುತ್ತದೆ. ವಾಸ್ಕೋದ ಬೈನಾ ತೀರದಲ್ಲಿಯಾದರೋ ೨೦೦೪ರಲ್ಲಿಯೂ ೨೦೧೭ರಲ್ಲಿಯೂ ಮನೆಗಳನ್ನು ಕೆಡವಿದಾಗ ಪಾತ್ರೆಪಡಗ ಹೊತ್ತು ಬೀದಿಯಲ್ಲಿ ನಿಂತವರಲ್ಲಿ ನಮ್ಮ ಉತ್ತರ ಕರ್ನಾಟಕದವರು ಅನೇಕರಿದ್ದರು. ಇಲ್ಲಿ ನಮ್ಮವರನ್ನು ‘ಘಾಟಿ’ ಎಂದು ಕರೆಯುವವರಿದ್ದಾರೆಂದು ಕಾಕಾ ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದನು. ಘಾಟಿನ ಮೇಲಿನವರು ಎಂದಷ್ಟೇ ಅದರ ಅರ್ಥ. ಆದರೆ ಅನ್ನುವ ದನಿಯಲ್ಲಿ ಬೇರೆ ಅರ್ಥವಿರುತ್ತದಂತೆ. ಆಗ ನಾನು ಸಿಟ್ಟಾಗಿದ್ದೆನು. ‘ನಮ್ಮೂರವರು’ ಎಂದ ನನ್ನ ದನಿಯಲ್ಲಿ ಯಾವ ಅರ್ಥವಿತ್ತು?

ಮರುದಿನ ತಿರುಗಿ ಬರುವಾಗ ಕಾಡಿನೊಳಗಿನ ತಾಂಬ್ಡಿ ಸುರ್ಲದ ಮಹಾದೇವ ಗುಡಿಯನ್ನು ಕಂಡೆವು. ಕದಂಬರ ಕಾಲದ್ದು, ಕರಿಯ ಕಲ್ಲಿನ ಚಿಕ್ಕ ಗುಡಿ. ನಮ್ಮ ಕಡೆಯ ಗುಡಿಗಳ ತಂಗಿಯಂತಿದೆ. ಊರುಗಳಿಂದ ದೂರ, ಘಾಟಿನ ಬುಡದಲ್ಲಿ ಅಡಗಿದ್ದುದರಿಂದಲೇ ಉಳಿಯಿತೆನ್ನುತ್ತಾರೆ. ಅದರ ಗೋಡೆಗೆ ಕೈಯಿಟ್ಟು ನೋಡಿದೆನು. ಸುಣ್ಣವಿಲ್ಲ, ಗಿಲಾವಿಲ್ಲ, ಕಲ್ಲಿನ ಮೇಲೆ ಕಲ್ಲು ಕುಳಿತಿದೆ. ಇದನ್ನು ಕಟ್ಟಿದವರೂ ಎಲ್ಲಿಂದಲೋ ಬಂದ ಗೌಂಡಿಗಳೇ ಇರಬೇಕು, ಅವರಿಗೂ ಎಲ್ಲಿಯೋ ಒಬ್ಬ ತಾಯಿ ರೊಟ್ಟಿಯ ಗಂಟು ಕಟ್ಟಿರಬೇಕು ಎನಿಸಿತು. ಆನಮೋಡ ಘಾಟು ಹತ್ತಿ, ಖಾನಾಪುರ, ಬೆಳಗಾವಿ ದಾಟಿ ರಾತ್ರಿ ಗೋಕಾಕ ಮುಟ್ಟಿದೆವು.

ಮನೆಯಲ್ಲಿ ಆಯಿ ಗೋಡಂಬಿಯ ಚೀಲವನ್ನು ಎದೆಗವಚಿಕೊಂಡು ಒಂದೇ ಸಮನೆ ಪ್ರಶ್ನೆ ಕೇಳಿದಳು. ಸೊರಗಿದ್ದಾನೆಯೆ? ಹಿಂಡಿ ಕಂಡು ಏನೆಂದನು? ಎಲ್ಲಕ್ಕೂ ಉತ್ತರ ಕೊಟ್ಟೆನು. ಕೊನೆಗೆ ಕೇಳಿದಳು, ‘ನಿಮ್ಮ ಮಾಸ್ತರಿಗೆ ತೋರಿಸ್ದೇನೋ ನಮ್ಮ ಹುಡುಗನ್ನ? ಇಂವಾ ನನ್ನ ಕಾಕಾ ಅಂತ ಹೇಳ್ದೇನೋ?’ ನಾನು, ‘ಮಾಸ್ತರು ಕಾಕಾನ ಮಾತು ಎಲ್ಲಾರಿಗೂ ಬರಕೋ ಅಂದ್ರು’ ಎಂದೆನು. ಅದು ಸುಳ್ಳಾಗಿರಲಿಲ್ಲ, ಕೇಳಿದ ಪ್ರಶ್ನೆಗೆ ಉತ್ತರವೂ ಆಗಿರಲಿಲ್ಲ. ಆಯಿ ಮಾತ್ರ ಆ ರಾತ್ರಿ ಓಣಿಯ ತುಂಬ ಅದನ್ನು ಹೇಳಿಕೊಂಡು ಬಂದಳು.

ಆಮೇಲೆ ಎರಡು ಸಲ ಕಾಕಾನಿಗೆ ಫೋನು ಮಾಡಿದೆನು. ಎರಡು ಸಲವೂ ಆತನೇ, ‘ಪರೀಕ್ಷಾ ಯಾವಾಗ್ರಿ? ಚಲೋತ್ನಂಗ ಓದ್ರಿ’ ಎಂದು ಮಾತು ಮುಗಿಸಿದನು. ಆ ‘ರಿ’ ಇನ್ನೂ ಹೋಗಿಲ್ಲ. ಅದನ್ನು ಫೋನಿನಲ್ಲಿ ಕೀಳಲು ನನ್ನಿಂದಾಗಲಿಲ್ಲ. ಆತ ನಾಲ್ಕನೆಯ ಇಯತ್ತೆಯವರೆಗೆ ಕಲಿತವನು. ಕೂಡಿಸಿ ಕೂಡಿಸಿ ಓದಬಲ್ಲನು. ಈ ಸಂಚಿಕೆ ಬಂದೊಡನೆ ಒಂದು ಪ್ರತಿಯನ್ನು ನಾನೇ ಘಾಟು ಇಳಿದು ಕೊಟ್ಟುಬರಬೇಕೆಂದಿದ್ದೇನೆ.

ಪೂಜ್ಯ ಗುರುಗಳಲ್ಲಿಯೂ ಪ್ರವಾಸಕ್ಕೆ ಬಂದ ಮಿತ್ರರಲ್ಲಿಯೂ ನನ್ನದೊಂದು ವಿನಂತಿ. ಬೋಮ್ ಜೇಸುಸ್ ಇಗರ್ಜಿಯ ಗೋಡೆಯ ವಿಷಯ ಬರೆದುಕೊಂಡ ಪುಟವನ್ನು ದಯವಿಟ್ಟು ತೆರೆಯಿರಿ. ಅಲ್ಲಿ ನಿಮ್ಮಲ್ಲಿ ಕೆಲವರು ‘ಒಬ್ಬ ಕೂಲಿಕಾರನು ಹೇಳಿದ್ದು’ ಎಂದು ಬರೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಅದನ್ನು ಹೊಡೆದುಹಾಕಿ, ಹೀಗೆ ತಿದ್ದಿಕೊಳ್ಳಬೇಕು: ಹೇಳಿದವನು ಗೌಂಡಿ, ಈ ಲೇಖನ ಬರೆದವನ ತಂದೆಯ ತಮ್ಮ.